ಪಾರ್ಕಿಂಗಿಗೂ ಒಂದು ಚಕ್ಕುಬಂದಿ ಬೇಕು

ಶಿವಮೊಗ್ಗದ ವಿನೋಬನಗರ, ಗೋಪಾಳ, ರವೀಂದ್ರನಗರಗಳ ಅಡ್ಡರಸ್ತೆಗಳಲ್ಲಿ ಗೇಟಿಗೆ ತೂಗುಹಾಕಿದ ‘ಮನೆ ಬಾಡಿಗೆಗಿದೆ’ ಬೋರ್ಡಿನ ಕೆಳಗೆ ಈಚೆಗೆ ಇನ್ನೊಂದು ಸಾಲು ಸೇರಿಕೊಂಡಿದೆ: ‘ಕಾರ್ ಪಾರ್ಕಿಂಗ್ ಇದೆ’. ಎರಡು ಬೆಡ್‌ರೂಮು ಎಂದರೆ ಎರಡು ಬೆಡ್‌ರೂಮೇ; ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಷರತ್ತನ್ನು ಒಪ್ಪದವರಿಗೂ ಅದರ ಅರ್ಥ ಗೊತ್ತಾಗುತ್ತದೆ. ಪಾರ್ಕಿಂಗ್ ಇದೆ ಎಂಬ ಮಾತಿಗೆ ಮಾತ್ರ ಅಂಥ ಸ್ಥಿರವಾದ ಅರ್ಥವಿಲ್ಲ. ಕಾಂಪೌಂಡಿನ ಒಳಗೊಂದು ಜಾಗ, ಕಂಬಗಳ ನಡುವೆ ಯಾರು ಮೊದಲು ಬಂದರೋ ಅವರ ಜಾಗ, ಇನ್ನೊಬ್ಬರ ಕಾರು ಹೊರಗೆ ಹೋದರೆ ಮಾತ್ರ ತೆಗೆಯಬಹುದಾದ ಹಿಂದಿನ ಜಾಗ, ಗೇಟಿನೆದುರಿನ ಸಾರ್ವಜನಿಕ ರಸ್ತೆ, ಈ ನಾಲ್ಕನ್ನೂ ಆ ಒಂದೇ ಮಾತಿನಲ್ಲಿ ಹೇಳುವುದನ್ನು ಕೇಳಿದ್ದೇನೆ. ಬಾಡಿಗೆಗೆ ಬರುವವರು ಅಡುಗೆಮನೆಯ ನಲ್ಲಿ ತಿರುಗಿಸಿ ನೋಡುತ್ತಾರೆ, ಬಾತ್‌ರೂಮಿನ ಗೀಜರ್ ಹಾಕಿಸಿ ನೋಡುತ್ತಾರೆ. ಪಾರ್ಕಿಂಗ್ ಜಾಗವನ್ನು ಅಳೆದು ನೋಡುವವರು ಅಪರೂಪ.

ಈ ಗೊಂದಲಕ್ಕೆ ಮಾಲೀಕರ ಅಪ್ರಾಮಾಣಿಕತೆಗಿಂತ ಊರು ಬೆಳೆದ ರೀತಿಯೇ ಹೆಚ್ಚು ಕಾರಣ ಎಂದು ನನಗನ್ನಿಸುತ್ತದೆ. ಶಿವಮೊಗ್ಗದ ಹಳೆಯ ಬಡಾವಣೆಗಳು ಒಂದು ಸೈಟಿಗೆ ಒಂದು ಮನೆ ಎಂಬ ಲೆಕ್ಕದಲ್ಲಿ ಹುಟ್ಟಿದವು. ಮುವ್ವತ್ತಕ್ಕೆ ನಲವತ್ತು ಅಡಿಯ ಸೈಟಿನಲ್ಲಿ ಮುಂದೊಂದು ಪೋರ್ಟಿಕೊ, ಅದರಲ್ಲೊಂದು ಸ್ಕೂಟರು, ಅನುಕೂಲಸ್ಥರಾದರೆ ಒಂದು ಕಾರು. 2011ರ ಜನಗಣತಿಯಲ್ಲಿ ನಗರದ ಜನಸಂಖ್ಯೆ 3,22,650 ಇತ್ತು. ಆಮೇಲಿನ ವರ್ಷಗಳಲ್ಲಿ ಊರು ನವುಲೆ, ಸೋಮಿನಕೊಪ್ಪ, ಗಾಡಿಕೊಪ್ಪ, ಬೊಮ್ಮನಕಟ್ಟೆಗಳ ಕಡೆಗೆ ಹರಡಿದ್ದು ನಿಜವಾದರೂ ಕಾಲೇಜು, ಆಸ್ಪತ್ರೆ, ಕಚೇರಿಗಳಿಗೆ ಹತ್ತಿರದ ಹಳೆಯ ಬಡಾವಣೆಗಳಲ್ಲಿ ಬೆಳವಣಿಗೆ ಮೇಲಕ್ಕೇ ಆಯಿತು. ಅದೇ ಮುವ್ವತ್ತು ನಲವತ್ತರ ಸೈಟಿನಲ್ಲಿ ಕೆಳಗೆ ಕಂಬಗಳ ಮೇಲೆ ನಿಂತ ಖಾಲಿ ಅಂತಸ್ತು, ಮೇಲೆ ಮೂರು ಮಹಡಿ, ಮಹಡಿಗೊಂದೋ ಎರಡೋ ಮನೆ. ನಾವು ಇದನ್ನೂ ಅಪಾರ್ಟ್‌ಮೆಂಟ್ ಎಂದೇ ಕರೆಯುತ್ತೇವೆ, ಕಟ್ಟಡ ಪೂರ್ತಿ ಒಬ್ಬರೇ ಮಾಲೀಕರದಾದರೂ.

ಆ ಖಾಲಿ ಅಂತಸ್ತಿನ ಗಣಿತವನ್ನು ಒಮ್ಮೆ ಮಾಡಿ ನೋಡಬೇಕು. ಸೈಟಿನ ಅಗಲ ಮುವ್ವತ್ತು ಅಡಿ, ಅಂದರೆ ಒಂಬತ್ತು ಮೀಟರಿಗಿಂತ ಸ್ವಲ್ಪ ಹೆಚ್ಚು. ಇದರಲ್ಲಿ ಮೆಟ್ಟಿಲು, ಕೆಲವೆಡೆ ಲಿಫ್ಟು, ಮೀಟರ್ ಬೋರ್ಡು, ಪಂಪು, ಸಂಪು, ಪಕ್ಕದಲ್ಲಿ ಬಿಡಬೇಕಾದ ಜಾಗ ಎಲ್ಲವೂ ಕೂರಬೇಕು. ನಾನು ಬಾಡಿಗೆಗಿದ್ದ ಕಟ್ಟಡದಲ್ಲಿ ಎರಡು ಕಂಬಗಳ ನಡುವಿನ ಅಂತರವನ್ನು ಟೇಪು ಹಿಡಿದು ಅಳೆದಾಗ ಎಂಟಡಿ ಎರಡಂಗುಲ ಸಿಕ್ಕಿತು, ಸೆಂಟಿಮೀಟರಿನಲ್ಲಿ 249. ಮಾರುತಿ ಸ್ವಿಫ್ಟ್ ಕಾರಿನ ಅಗಲ 173.5 ಸೆಂಟಿಮೀಟರ್. ಅದನ್ನು ಸರಿಯಾಗಿ ನಡುವೆ ನಿಲ್ಲಿಸಿದರೆ ಎರಡೂ ಬದಿಗೆ ಒಂದೂವರೆ ಗೇಣು ಜಾಗ ಉಳಿಯುತ್ತದೆ, ತೆಳ್ಳಗಿನವರು ಉಸಿರು ಬಿಗಿಹಿಡಿದು ಇಳಿಯಬಹುದು. ಮಹೀಂದ್ರಾ ಸ್ಕಾರ್ಪಿಯೊ ಎನ್ ಆದರೆ ಅಗಲ 191.7 ಸೆಂಟಿಮೀಟರ್, ಉದ್ದ 4.66 ಮೀಟರ್. ಉಳಿಯುವುದು ಬದಿಗೆ ಒಂದೂಕಾಲು ಗೇಣು, ಕನ್ನಡಿಗಳನ್ನು ಮಡಚಿದ ಮೇಲೆ. ಬಾಗಿಲು ತೆರೆಯದ ಜಾಗವನ್ನು ಪಾರ್ಕಿಂಗ್ ಎಂದು ಕರೆಯುವುದು ಎಷ್ಟು ಸರಿ?

ಮಲೆನಾಡಿನಲ್ಲಿ ಈ ಪ್ರಶ್ನೆಗೆ ಒಂದು ವಿಶೇಷ ತೂಕವಿದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಅನೇಕ ತೋಟದ ಮನೆಗಳವರು ಮಕ್ಕಳ ಪಿಯುಸಿಗೋ ಹಿರಿಯರ ಔಷಧೋಪಚಾರಕ್ಕೋ ಶಿವಮೊಗ್ಗದಲ್ಲೊಂದು ಬಾಡಿಗೆ ಮನೆ ಮಾಡುತ್ತಾರೆ. ಅವರ ವಾಹನವನ್ನು ಆರಿಸಿದ್ದು ಊರಿನ ಕಚ್ಚಾ ರಸ್ತೆ ಮತ್ತು ಮಳೆಗಾಲದ ಕೆಸರು. ಅದು ಪೇಟೆಯ ಕಂಬಗಳ ಅಂತರಕ್ಕೆ ಹೊಂದುವ ಗಾತ್ರದ್ದಲ್ಲ. ಅಡಿಕೆ ಒಣಗಿಸುವ ಅಂಗಳದಲ್ಲಿ ಮೂರು ಜೀಪು ತಿರುಗಿಸಿ ಅಭ್ಯಾಸವಿರುವವರಿಗೆ ಜಾಗ ಅಳೆಯಬೇಕೆಂಬುದು ತೋಚುವುದೂ ಇಲ್ಲ. ಶನಿವಾರ ಸಂಜೆ ಊರಿನಿಂದ ಅಪ್ಪಯ್ಯ ಬಾಳೆಗೊನೆ, ತೆಂಗಿನಕಾಯಿ ಚೀಲ ತುಂಬಿಕೊಂಡು ಇನ್ನೊಂದು ಗಾಡಿಯಲ್ಲಿ ಬಂದರೆ ಅದು ನಿಲ್ಲುವುದು ಎದುರುಮನೆಯವರ ಗೇಟಿನ ಮುಂದೆ, ಮತ್ತು ಭಾನುವಾರ ಬೆಳಗಿನ ಜಗಳ ಶುರುವಾಗುವುದು ಅಲ್ಲಿಂದಲೇ.

ನನ್ನದೇ ಒಂದು ಅನುಭವ ಹೇಳಬೇಕು. ಮನೆ ನೋಡಲು ಹೋದ ದಿನ ಕೆಳಗಿನ ಅಂತಸ್ತು ಖಾಲಿಯಿತ್ತು. ಮಾಲೀಕರು ಒಂದು ಮೂಲೆ ತೋರಿಸಿ, ‘ಇದು ನಿಮ್ಮದು, ಆರಾಮಾಗಿ ಹಾಕ್ಕಳಿ’ ಎಂದರು. ಅಡ್ವಾನ್ಸ್ ಕೊಟ್ಟು, ಹಾಲು ಉಕ್ಕಿಸಿ ಬಂದ ಮೂರನೇ ದಿನ ಬೆಳಗಿನ ಆರು ಗಂಟೆಗೆ ಬಾಗಿಲು ಬಡಿದ ಸದ್ದು. ನನ್ನ ಕಾರಿನ ಮುಂದಿನ ಚಕ್ರ ನಿಂತಿದ್ದದ್ದು ಸಂಪಿನ ಮುಚ್ಚಳದ ಮೇಲೆ. ನೀರು ಬಿಡುವ ಹೊತ್ತಿಗೆ ಮುಚ್ಚಳ ತೆಗೆದು ಮಟ್ಟ ನೋಡುವುದು ಆ ಮನೆಯ ಪದ್ಧತಿ. ಅಂದಿನಿಂದ ನೀರು ಬಿಡುವ ದಿನಗಳಲ್ಲಿ ಹಿಂದಿನ ರಾತ್ರಿಯೇ ಕಾರನ್ನು ರಸ್ತೆಗೆ ಒಯ್ಯುವ ಕೆಲಸ ನನಗೆ ಅಂಟಿಕೊಂಡಿತು. ಐದಾರು ತಿಂಗಳಿಗೆ ಮುಚ್ಚಳದ ಕಾಂಕ್ರೀಟಿನ ಅಂಚು ಬಿರುಕುಬಿಟ್ಟಿತು. ಮನೆ ಬಿಡುವಾಗ ಅದರ ದುರಸ್ತಿಯ ಹಣವನ್ನು ಅಡ್ವಾನ್ಸಿನಲ್ಲಿ ಹಿಡಿದುಕೊಂಡರು. ಆ ಜಾಗವನ್ನು ತೋರಿಸಿದವರು ಅವರೇ ಎಂದು ವಾದಿಸಲು ನನ್ನ ಕೈಯಲ್ಲಿ ಕಾಗದವಿರಲಿಲ್ಲ. ಹನ್ನೊಂದು ತಿಂಗಳ ಕರಾರಿನಲ್ಲಿ ಬಾಗಿಲು, ಕಿಟಕಿ, ಫ್ಯಾನು, ಟ್ಯೂಬ್‌ಲೈಟು, ಎರಡು ಕೀಲಿ ಎಂದೆಲ್ಲ ಪಟ್ಟಿ ಇತ್ತು. ಪಾರ್ಕಿಂಗ್ ಎಂಬ ಶಬ್ದವೇ ಇರಲಿಲ್ಲ.

ಇಲ್ಲಿಂದ ಕಾನೂನಿನ ಮಾತಿಗೆ ಬರಬೇಕಾಗುತ್ತದೆ. ಬಾಡಿಗೆದಾರನಿಗೆ ಮಾಲೀಕನಿಗಿರುವುದಕ್ಕಿಂತ ಹೆಚ್ಚಿನ ಹಕ್ಕು ಹುಟ್ಟುವುದಿಲ್ಲವಾದ್ದರಿಂದ, ಮೊದಲು ಕೇಳಬೇಕಾದದ್ದು ಪಾರ್ಕಿಂಗ್ ಜಾಗದ ಮೇಲೆ ಮಾಲೀಕನಿಗೇ ಏನು ಹಕ್ಕಿದೆ ಎಂಬುದನ್ನು. ಇಡೀ ಕಟ್ಟಡ ಒಬ್ಬರದ್ದೇ ಆಗಿದ್ದರೆ ಉತ್ತರ ಸುಲಭ, ಜಾಗ ಅವರದು, ಅವರು ಕೊಡಬಹುದು. ಫ್ಲ್ಯಾಟುಗಳನ್ನು ಬೇರೆಬೇರೆಯವರು ಕೊಂಡ ಸಮುಚ್ಚಯದಲ್ಲಿ ಹಾಗಿಲ್ಲ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಪಾರ್ಕಿಂಗ್ ಜಾಗಗಳನ್ನು ಎಲ್ಲರಿಗೂ ಸೇರಿದ ಸಾಮಾನ್ಯ ಪ್ರದೇಶಗಳ ಸಾಲಿನಲ್ಲಿ ಇಟ್ಟಿದೆ. ರಿಯಲ್ ಎಸ್ಟೇಟ್ ವ್ಯವಹಾರವನ್ನು ನಿಯಂತ್ರಿಸುವ 2016ರ ರೇರಾ ಕಾಯ್ದೆಯೂ ತೆರೆದ ಪಾರ್ಕಿಂಗನ್ನು ಸಾಮಾನ್ಯ ಪ್ರದೇಶವೆಂದೇ ಕರೆಯುತ್ತದೆ. ಅದರ ಪ್ರಕಾರ ಗ್ಯಾರೇಜು ಎನ್ನಿಸಿಕೊಳ್ಳಲು ಮೇಲೊಂದು ಸೂರು, ಮೂರು ಬದಿಗೆ ಗೋಡೆ ಇರಬೇಕು. ಕಂಬಗಳ ನಡುವಿನ ನಮ್ಮ ಸ್ಟಿಲ್ಟ್ ಜಾಗಕ್ಕೆ ಸೂರಿದೆ, ಗೋಡೆಗಳಿಲ್ಲ. ಮಹಾರಾಷ್ಟ್ರದ ಫ್ಲ್ಯಾಟು ಕಾಯ್ದೆಯಡಿಯ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರ ಆಗಸ್ಟ್‌ನಲ್ಲಿ, ಸ್ಟಿಲ್ಟ್ ಜಾಗ ಗ್ಯಾರೇಜು ಅಲ್ಲ, ಅದನ್ನು ಬಿಲ್ಡರ್ ಪ್ರತ್ಯೇಕವಾಗಿ ಮಾರುವಂತಿಲ್ಲ ಎಂದು ಹೇಳಿತು. ಆ ತೀರ್ಪು ಬಿಲ್ಡರ್ ಮತ್ತು ಕೊಂಡವರ ನಡುವಿನದಾದರೂ ಬಾಡಿಗೆದಾರನಿಗೂ ಅದರಿಂದ ಒಂದು ಸುಳಿವು ಸಿಗುತ್ತದೆ: ‘ನನ್ನ ಪಾರ್ಕಿಂಗ್’ ಎಂದು ಫ್ಲ್ಯಾಟಿನ ಮಾಲೀಕರು ತೋರಿಸುವ ಜಾಗ ಬಹಳ ಕಡೆ ಫ್ಲ್ಯಾಟು ಮಾಲೀಕರ ಸಂಘದ ಹಂಚಿಕೆಯಿಂದ ಬಂದದ್ದು, ಆ ಹಂಚಿಕೆ ಬದಲಾಗಬಹುದು. ಆದ್ದರಿಂದ ಸಮುಚ್ಚಯದಲ್ಲಿ ಮನೆ ಹಿಡಿಯುವವರು ಹಂಚಿಕೆಯ ಪತ್ರವನ್ನೋ, ಮಾಲೀಕರ ಕ್ರಯಪತ್ರದಲ್ಲಿ ಪಾರ್ಕಿಂಗ್ ನಮೂದಾದ ಪುಟವನ್ನೋ ತೋರಿಸಿ ಎಂದು ಕೇಳುವುದರಲ್ಲಿ ಸಂಕೋಚಪಡಬೇಕಾದ್ದಿಲ್ಲ. ಬಾಡಿಗೆಗಿರುವವರ ವಾಹನಕ್ಕೆ ಬೇರೆ ನಿಯಮ ಮಾಡಿಕೊಂಡ ಸಂಘಗಳೂ ಇರುವುದರಿಂದ ಸಂಘದ ಕಾರ್ಯದರ್ಶಿಯನ್ನು ಒಂದು ಮಾತು ವಿಚಾರಿಸಿಬಿಡುವುದು ಒಳ್ಳೆಯದು.

ಇನ್ನು ಮಾಲೀಕ ಮತ್ತು ಬಾಡಿಗೆದಾರನ ನಡುವಿನ ಸಂಬಂಧ. ಬಾಡಿಗೆದಾರರನ್ನು ಕಾಯುವ ಕಾಯ್ದೆಯೊಂದು ಇದೆಯಲ್ಲ ಎಂದು ನಂಬಿದವರು ಬಹಳ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಇರುವುದು ಹೌದು, ಆದರೆ ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದ ಯಾವ ಮನೆಗೂ ಅದು ಅನ್ವಯಿಸುವುದಿಲ್ಲ, ಕೆಲವು ಪ್ರದೇಶಗಳಲ್ಲಿ ಆ ಮಿತಿ ಇನ್ನೂ ಕಡಿಮೆ. ಕಾರು ನಿಲ್ಲಿಸಲು ಜಾಗವಿರುವ ಎರಡು ಬೆಡ್‌ರೂಮಿನ ಮನೆ ಇಂದು ಶಿವಮೊಗ್ಗದಲ್ಲಿ ಆ ದರಕ್ಕೆ ಸಿಗುವ ಮಾತೇ ಇಲ್ಲ. ಹಾಗಾಗಿ ಇಂಥ ಮನೆಗಳೆಲ್ಲ ಬ್ರಿಟಿಷರ ಕಾಲದ, ಅಂದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಕೆಳಗೆ ಬರುತ್ತವೆ, ಮತ್ತು ಆ ಕಾಯ್ದೆ ಬಹುಪಾಲು ವಿಷಯಗಳನ್ನು ಕರಾರಿಗೇ ಬಿಟ್ಟುಕೊಟ್ಟಿದೆ. ಕರಾರಿನಲ್ಲಿ ಬೇರೆ ಏನೂ ಬರೆಯದಿದ್ದರೆ ತಿಂಗಳ ಬಾಡಿಗೆಯ ಮನೆಯನ್ನು ಹದಿನೈದು ದಿನಗಳ ನೋಟಿಸಿನಲ್ಲಿ ಬಿಡಿಸಬಹುದು ಎಂಬುದೂ ಅದೇ ಕಾಯ್ದೆಯ 106ನೇ ಕಲಮಿನ ಮಾತು. ವರ್ಷಕ್ಕಿಂತ ಹೆಚ್ಚಿನ ಅವಧಿಯ ಗುತ್ತಿಗೆಯನ್ನು ನೋಂದಾಯಿಸಲೇಬೇಕೆಂಬ ನಿಯಮವಿದೆ; ಆ ಖರ್ಚು, ಓಡಾಟ ಬೇಡವೆಂದು ಹುಟ್ಟಿಕೊಂಡದ್ದೇ ಹನ್ನೊಂದು ತಿಂಗಳ ಕರಾರು. ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಕೇಳುವಂತಿಲ್ಲ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ಸುತ್ತುತ್ತದೆ. ಅದರ ಮೂಲ 2021ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ. ಮಾದರಿ ಎಂದರೆ ಮಾದರಿಯೇ, ರಾಜ್ಯ ತನ್ನ ಕಾನೂನಾಗಿ ಮಾಡಿಕೊಂಡರೆ ಮಾತ್ರ ಅದಕ್ಕೆ ಜೀವ ಬರುತ್ತದೆ.

ಕರಾರಿನಲ್ಲಿ ಬರೆಯದ ಪಾರ್ಕಿಂಗಿಗೆ ಕಾನೂನಿನ ಕಣ್ಣಿನಲ್ಲಿ ಏನು ಬೆಲೆ? ಗುತ್ತಿಗೆ ಎಂದರೆ ಒಂದು ಗೊತ್ತಾದ ಸ್ವತ್ತನ್ನು ಅನುಭವಿಸುವ ಹಕ್ಕನ್ನೇ ಕೊಡುವುದು. ಲೈಸೆನ್ಸ್ ಎಂದರೆ ಬರೀ ಅನುಮತಿ. 1882ರದ್ದೇ ಆದ ಈಸ್‌ಮೆಂಟ್ ಕಾಯ್ದೆ ಹೇಳುವಂತೆ ಸಾಮಾನ್ಯವಾಗಿ ಅದನ್ನು ಕೊಟ್ಟವರು ಹಿಂದಕ್ಕೆ ಪಡೆಯಬಹುದು. ಎಲ್ಲಿ, ಎಷ್ಟು ಎಂಬ ಗುರುತಿಲ್ಲದ ‘ಕೆಳಗೆ ಹಾಕ್ಕಳಿ’ ಎಂಬ ಮಾತು ಗುತ್ತಿಗೆಗಿಂತ ಅನುಮತಿಗೇ ಹತ್ತಿರ. ಮನೆಯಿಂದ ಬಿಡಿಸಲು ನೋಟಿಸು ಕೊಡಬೇಕಾದ ಮಾಲೀಕರು, ‘ಮಗ ಬೆಂಗಳೂರಿಂದ ಕಾರು ತರ್ತಾನೆ, ನೀವು ಸ್ವಲ್ಪ ಹೊರಗೆ ಹಾಕ್ಕಳಿ’ ಎಂದು ಒಂದು ಸಂಜೆ ಹೇಳಿಬಿಟ್ಟರೆ ಪಾರ್ಕಿಂಗ್ ಮುಗಿದಂತೆ, ಬಾಡಿಗೆ ಮಾತ್ರ ಮೊದಲಿನಷ್ಟೇ.

ಮಲೆನಾಡಿನ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿ ಬಂದದ್ದೇ ಒಂದು ವಿಚಿತ್ರ. ತೋಟದ ಪತ್ರದಲ್ಲಿ ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾವ ಹಳ್ಳ, ಉತ್ತರಕ್ಕೆ ಯಾವ ಅಗಳು ಎಂದು ಚಕ್ಕುಬಂದಿ ಬರೆಸದೆ ಯಾರೂ ಸಹಿ ಹಾಕುವುದಿಲ್ಲ. ಬೇಲಿಯಂಚಿನ ಒಂದು ಹಲಸಿನ ಮರ ಯಾರದೆಂದು ಎರಡು ತಲೆಮಾರು ಕೋರ್ಟಿಗೆ ಅಲೆದ ಮನೆತನಗಳು ನಮ್ಮಲ್ಲಿವೆ. ಅಂಥವರೇ ಪೇಟೆಗೆ ಬಂದು ಹತ್ತು ಲಕ್ಷದ ಗಾಡಿ ನಿಲ್ಲಿಸುವ ಜಾಗಕ್ಕೆ ಬಾಯಿಮಾತು ನಂಬುತ್ತಾರೆ. ಬಾಡಿಗೆ ಕರಾರಿನ ಕೊನೆಯಲ್ಲಿ ಷೆಡ್ಯೂಲು ಎಂಬ ಭಾಗವಿರುತ್ತದೆ, ಬಾಡಿಗೆಗೆ ಕೊಡುತ್ತಿರುವ ಸ್ವತ್ತನ್ನು ವರ್ಣಿಸುವ ಜಾಗ ಅದು. ಪಾರ್ಕಿಂಗ್ ಬರಬೇಕಾದದ್ದು ಅಲ್ಲಿ. ‘ಒಂದು ಕಾರ್ ಪಾರ್ಕಿಂಗ್ ಸಹಿತ’ ಎಂದಷ್ಟೇ ಬರೆದರೂ ಏನೂ ಇಲ್ಲದ್ದಕ್ಕಿಂತ ಮೇಲು, ಆದರೆ ಜಗಳ ಬಂದಾಗ ಅದು ಯಾವ ಜಾಗ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ‘ಮೆಟ್ಟಿಲಿನ ಬಲಕ್ಕೆ, ಎರಡು ಕಂಬಗಳ ನಡುವೆ, ಎಂಟಡಿ ಎರಡಂಗುಲ ಅಗಲ, ಹದಿನಾರು ಅಡಿ ಉದ್ದ, ಬೇರೆ ವಾಹನ ಸರಿಸದೆ ಹೊರಗೆ ತೆಗೆಯಬಹುದಾದ ಜಾಗ’ ಎಂದು ಬರೆದರೆ ಅದಕ್ಕೆ ಚಕ್ಕುಬಂದಿ ಬಂದ ಹಾಗೆ. ಎರಡು ಸಾಲು ಹೆಚ್ಚು ಟೈಪು ಮಾಡಲು ಕಚೇರಿ ಮುಂದಿನ ಪತ್ರಬರಹಗಾರರು ಹೆಚ್ಚಿಗೆ ಏನೂ ಕೇಳುವುದಿಲ್ಲ.

ಒಂದರ ಹಿಂದೆ ಒಂದು ಕಾರು ನಿಲ್ಲುವ ಕಟ್ಟಡಗಳ ಕಥೆ ಬೇರೆ. ಅಲ್ಲಿ ಅಳತೆಗಿಂತ ವೇಳೆ ಮುಖ್ಯ. ಹಿಂದಿನ ಕಾರು ಬೆಳಿಗ್ಗೆ ಏಳಕ್ಕೆ ಹೊರಡುವ ಡಾಕ್ಟರದು, ಮುಂದಿನದು ಒಂಬತ್ತಕ್ಕೆ ಏಳುವವರದು ಎಂದಾದರೆ ವರ್ಷವಿಡೀ ರಾಮಾಯಣ. ಮೀಟರ್ ಬೋರ್ಡಿನ ಪಕ್ಕ ಮೊಳೆ ಹೊಡೆದು ಎಲ್ಲರ ಕೀಲಿ ನೇತುಹಾಕುವ ಕಟ್ಟಡವೊಂದನ್ನು ರಾಜೇಂದ್ರನಗರದ ಕಡೆ ನೋಡಿದ್ದೇನೆ. ಪರಸ್ಪರ ವಿಶ್ವಾಸ ದೊಡ್ಡದು, ಒಪ್ಪುತ್ತೇನೆ. ಬೇರೆಯವರು ತೆಗೆಯುವಾಗ ಬಂಪರು ಕಂಬಕ್ಕೆ ಉಜ್ಜಿದರೆ ಖರ್ಚು ಯಾರದ್ದು ಎಂಬುದನ್ನು ಆ ಮೊಳೆ ಹೇಳುವುದಿಲ್ಲ.

ಹಾಗಾದರೆ ರಸ್ತೆ ಇದೆಯಲ್ಲ ಎನ್ನಬಹುದು. ರಸ್ತೆ ಪಾಲಿಕೆಯದು. ಗೇಟಿನೆದುರಿನ ಜಾಗ ತಮ್ಮದೆಂದು ಮನೆಯವರು ಇಟ್ಟ ಕಲ್ಲು, ಹೂಕುಂಡ, ಮುರಿದ ಪ್ಲಾಸ್ಟಿಕ್ ಕುರ್ಚಿ ಯಾವುದಕ್ಕೂ ಕಾನೂನಿನ ಬಲವಿಲ್ಲ. ಹಾಗೆಂದು ಬಾಡಿಗೆದಾರನಿಗೂ ಅಲ್ಲಿ ಕಾಯಂ ಹಕ್ಕು ಬರುವುದಿಲ್ಲ. ಇತರರಿಗೆ ಅಪಾಯವೋ ಅಡ್ಡಿಯೋ ಆಗುವಂತೆ ವಾಹನ ನಿಲ್ಲಿಸುವುದು 1988ರ ಮೋಟಾರು ವಾಹನ ಕಾಯ್ದೆಯಡಿ ತಪ್ಪು, ಪೊಲೀಸರು ಅದನ್ನು ಎತ್ತಿಸಿ ಖರ್ಚು ವಸೂಲು ಮಾಡಬಹುದು. ಶಿವಮೊಗ್ಗ 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ರಸ್ತೆ, ಫುಟ್‌ಪಾತುಗಳು ಹೊಸ ರೂಪ ಪಡೆದವು, ಆದರೆ ಮನೆಯ ಒಳಗೆ ಸಿಗದ ಪಾರ್ಕಿಂಗನ್ನು ಫುಟ್‌ಪಾತಿನ ಮೇಲೆ ಹುಡುಕುವ ಅಭ್ಯಾಸ ಹೊಸದಾಗಲಿಲ್ಲ. ಕಟ್ಟಡದ ಪರವಾನಗಿ ನಕ್ಷೆಯಲ್ಲಿ ಪಾರ್ಕಿಂಗ್ ಎಂದು ತೋರಿಸಿದ ನೆಲದಂತಸ್ತು ಕೆಲವು ವರ್ಷಕ್ಕೆ ಝೆರಾಕ್ಸ್ ಅಂಗಡಿಯಾಗಿ, ಟ್ಯೂಷನ್ ಕೇಂದ್ರವಾಗಿ ಮಾರ್ಪಾಡಾಗುವುದು ಈ ಸಮಸ್ಯೆಯ ದೊಡ್ಡ ಬೇರು. ಅಂಗಡಿಯಿಂದ ಮಾಲೀಕರಿಗೆ ಬರುವ ಬಾಡಿಗೆಯ ಒಂದು ಪಾಲನ್ನು ನಿಜಕ್ಕೂ ತೆರುತ್ತಿರುವವರು ಆ ಬೀದಿಯಲ್ಲಿ ನಡೆದಾಡುವವರು.

ಮಳೆಗಾಲ ಬಂದಾಗ ಬೇರೆಯದೇ ಲೆಕ್ಕ. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ನಗರದ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿದ್ದು ಇನ್ನೂ ನೆನಪಿದೆ. ಹೊಳೆಯಿಂದ ದೂರವಿದ್ದರೂ ರಸ್ತೆಯ ಮಟ್ಟಕ್ಕಿಂತ ಕೆಳಗಿಳಿದ ಸೆಲ್ಲಾರುಗಳಿಗೆ ನೀರು ನುಗ್ಗಲು ಚರಂಡಿ ಕಟ್ಟಿಕೊಂಡರೆ ಸಾಕು. ಮನೆ ನೋಡುವಾಗ ಸೆಲ್ಲಾರಿನ ಗೋಡೆಯ ಬುಡದಲ್ಲಿ ಹಳೆಯ ನೀರಿನ ಗೆರೆ ಇದೆಯೇ ಎಂದು ಬಗ್ಗಿ ನೋಡುವುದು, ಇಳಿಜಾರಿನ ಬಾಯಿಯಲ್ಲಿ ನೀರು ತಡೆಯುವ ಉಬ್ಬು ಇದೆಯೇ ಎಂದು ಗಮನಿಸುವುದು ಯಾವ ಕರಾರಿಗಿಂತಲೂ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಮೂರನೇ ವ್ಯಕ್ತಿಯ ವಿಮೆ ಮಾತ್ರ ಇದ್ದರೆ ನೆರೆಯ ಹಾನಿಗೆ ಬಿಡಿಗಾಸೂ ಸಿಗುವುದಿಲ್ಲ. ಪೂರ್ಣ ವಿಮೆ ಇದ್ದವರೂ ನೀರಲ್ಲಿ ನಿಂತ ಕಾರನ್ನು ಸ್ಟಾರ್ಟ್ ಮಾಡಿ ಎಂಜಿನ್ ಕೆಡಿಸಿಕೊಂಡರೆ, ಎಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆ ಇಲ್ಲದಿದ್ದಲ್ಲಿ, ಸಾಮಾನ್ಯವಾಗಿ ಕಂಪನಿ ಕೈಯಾಡಿಸಿಬಿಡುತ್ತದೆ. ವೈರು ಕಡಿಯುವ ಹೆಗ್ಗಣಗಳ ಬಗ್ಗೆ ಬರೆಯಹೊರಟರೆ ಅದೇ ಒಂದು ಲೇಖನವಾದೀತು.

ಬ್ಯಾಟರಿ ಸ್ಕೂಟರು, ಕಾರುಗಳು ಬಂದ ಮೇಲೆ ಪಾರ್ಕಿಂಗ್ ಜಾಗಕ್ಕೆ ಒಂದು ಪ್ಲಗ್ ಪಾಯಿಂಟೂ ಬೇಕಾಗಿದೆ. ಕೆಳಗಿನ ಅಂತಸ್ತಿನ ದೀಪ, ಪಂಪುಗಳ ಮೀಟರು ಬಹುತೇಕ ಮಾಲೀಕರ ಹೆಸರಿನದು; ಅದರಿಂದ ಚಾರ್ಜ್ ಮಾಡಿದರೆ ತಿಂಗಳ ಕೊನೆಗೆ ಮಾತು ಬರುವುದು ಖಂಡಿತ. ಬಾಡಿಗೆದಾರನ ಸ್ವಂತ ಮೀಟರಿನಿಂದ ತಂತಿ ಇಳಿಸಿದರೆ ಗೃಹಜ್ಯೋತಿಯ ಲೆಕ್ಕ ಎದುರಾಗುತ್ತದೆ. ಆ ಯೋಜನೆಯಲ್ಲಿ ಉಚಿತದ ಪ್ರಮಾಣ ಮನೆಯ ಹಿಂದಿನ ಸರಾಸರಿ ಬಳಕೆಗೆ ಕಟ್ಟುಬಿದ್ದಿದೆ, 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ಲನ್ನು ಮೆಸ್ಕಾಂಗೆ ಕಟ್ಟಬೇಕು. ಸುಮಾರು ಮೂರು ಯೂನಿಟ್ ಹಿಡಿಯುವ ಬ್ಯಾಟರಿಯ ಸ್ಕೂಟರನ್ನು ತಿಂಗಳಿಗೆ ಹತ್ತು ಸಲ ಪೂರ್ತಿ ಚಾರ್ಜ್ ಮಾಡಿದರೆ ಮುವ್ವತ್ತು ಮುವ್ವತ್ತೈದು ಯೂನಿಟ್ ಆಗುತ್ತದೆ. ಸ್ಕೂಟರಿಗೆ ಇದು ಸಹ್ಯ. ಕಾರಿಗಾದರೆ ಬೇರೆ ಸಬ್‌ಮೀಟರ್ ಹಾಕಿಸಿ, ಯೂನಿಟ್ ದರವನ್ನು ಕರಾರಿನಲ್ಲೇ ಬರೆಸಿಕೊಳ್ಳದೆ ಗತಿಯಿಲ್ಲ.

ಪಾರ್ಕಿಂಗಿನ ಬೆಲೆಯನ್ನು ಬಾಡಿಗೆಯಿಂದ ಬೇರ್ಪಡಿಸಿ ಬರೆಯಬೇಕೇ ಎಂಬುದರಲ್ಲಿ ನನಗೆ ತಿಳಿದವರಲ್ಲೇ ಎರಡು ಅಭಿಪ್ರಾಯಗಳಿವೆ. ಮನೆಗೆ ಇಷ್ಟು, ಪಾರ್ಕಿಂಗಿಗೆ ಇಷ್ಟು ಎಂದು ಬರೆದರೆ ಕಾರಿಲ್ಲದವರು ಕಡಿಮೆ ಕೊಟ್ಟು ಇರಬಹುದು, ಜಾಗ ಕಿತ್ತುಕೊಂಡಾಗ ಎಷ್ಟು ಕಡಿತ ಮಾಡಬೇಕೆಂಬುದಕ್ಕೂ ಆಧಾರ ಸಿಗುತ್ತದೆ. ಅಪಾಯವೂ ಇದೆ: ಬೇರೆ ದರವೆಂದ ಮೇಲೆ ಬೇರೆ ವ್ಯವಹಾರ, ಮನೆ ಉಳಿಸಿಕೊಂಡು ಪಾರ್ಕಿಂಗ್ ಮಾತ್ರ ನಿಲ್ಲಿಸುತ್ತೇನೆ ಎಂದು ಮಾಲೀಕರು ಹೇಳಲು ದಾರಿಯಾಗುತ್ತದೆ. ನನ್ನ ಮಟ್ಟಿಗೆ ಬಾಡಿಗೆ ಒಂದೇ ಮೊತ್ತವಾಗಿದ್ದು, ಜಾಗ ಷೆಡ್ಯೂಲಿನೊಳಗೆ ಬಂದು, ಜಾಗ ತಪ್ಪಿದ ತಿಂಗಳು ಇಂತಿಷ್ಟು ಕಡಿತ ಎಂಬ ಒಂದು ವಾಕ್ಯ ಇರುವುದು ಹೆಚ್ಚು ಭದ್ರ. ಹಾಗೆ ಬರೆದಿಟ್ಟ ಕರಾರಿಗೆ ಇನ್ನೊಂದು ಪ್ರಯೋಜನವಿದೆ. ನಡುವೆ ಮಾಲೀಕರು ಕಟ್ಟಡ ಮಾರಿದರೂ ಆಸ್ತಿ ವರ್ಗಾವಣೆ ಕಾಯ್ದೆಯ 109ನೇ ಕಲಮಿನಂತೆ ಕೊಂಡವರು ಹಳೆಯ ಮಾಲೀಕರ ಹಕ್ಕುಗಳ ಜೊತೆಗೆ, ಬಾಡಿಗೆದಾರ ಒತ್ತಾಯಿಸಿದರೆ, ಹೊಣೆಗಳನ್ನೂ ಹೊರಬೇಕಾಗುತ್ತದೆ.

ಈಗಿರುವ ಮನೆಯ ಕರಾರು ಮಾಡುವಾಗ ಮಾಲೀಕರು, ನಿವೃತ್ತ ಮೇಷ್ಟರು, ನನ್ನ ಟೇಪನ್ನು ನೋಡಿ ಮೊದಲು ನಕ್ಕರು. ಆಮೇಲೆ ತಾವೇ ಇನ್ನೊಂದು ತುದಿ ಹಿಡಿದುಕೊಂಡರು. ಛಾಪಾ ಕಾಗದದ ಅಂಚಿನಲ್ಲಿ ಅಗಲ, ಉದ್ದಗಳ ಕೆಳಗೆ ಅವರ ಮುದ್ದಾದ ಕೈಬರಹದಲ್ಲಿ ಇನ್ನೊಂದು ಸಾಲಿದೆ: ‘ಸಂಪಿನ ಮುಚ್ಚಳ ಈ ಜಾಗದ ಹೊರಗೆ ಇರುತ್ತದೆ.’ ಅದರ ಪಕ್ಕದಲ್ಲಿ ಇಬ್ಬರ ಚಿಕ್ಕ ಸಹಿ.